ಜ್ವರ ಬಿಟ್ಟರೂ ಮಾತ್ರೆ ಬಿಡಬೇಡಿ

ಬೆಂಗಳೂರಿನ ತಿಲಕ್ ನಗರದಲ್ಲಿ ಮನೆ ಮಾಡಿದವರಿಗೆ ದೊಡ್ಡಾಸ್ಪತ್ರೆಗಳಿಗೇನೂ ಬರವಿಲ್ಲ. ಎದೆನೋವೆಂದರೆ ಬನ್ನೇರುಘಟ್ಟ ರಸ್ತೆಯ ಜಯದೇವ, ಕೈಕಾಲು ಮುರಿದರೆ ಸಂಜಯ್ ಗಾಂಧಿ, ಮಕ್ಕಳಿಗೆ ಇಂದಿರಾ ಗಾಂಧಿ, ಕ್ಯಾನ್ಸರ್‌ಗೆ ಕಿದ್ವಾಯಿ, ನರಕ್ಕೂ ಮನಸ್ಸಿಗೂ ನಿಮ್ಹಾನ್ಸ್. ಎಲ್ಲವೂ ಆಟೋ ಹತ್ತಿದರೆ ಮುಟ್ಟಿಬಿಡುವಷ್ಟು ಹತ್ತಿರ. ಜಯನಗರ ನಾಲ್ಕನೇ ಟಿ ಬ್ಲಾಕ್‌ನಲ್ಲಿ ಜನರಲ್ ಆಸ್ಪತ್ರೆಯಿದೆ. ರಾಜ್ಯದ ಬಹುಪಾಲು ವೈದ್ಯಕೀಯ ವಿದ್ಯಾರ್ಥಿಗಳಿಗೆ ಪದವಿ ಕೊಡುವ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವೂ ಅದೇ ಬ್ಲಾಕ್‌ನಲ್ಲಿದೆ.

ಇಷ್ಟೆಲ್ಲ ಇದ್ದೂ ಬಲಪಕ್ಕೆಯ ಕೆಳಗೆ ನೋವು ಕಾಣಿಸಿಕೊಂಡರೆ ಜನ ಮೊದಲು ಹೋಗುವುದು ಬೀದಿ ತಿರುವಿನ ಮೆಡಿಕಲ್ ಶಾಪಿಗೆ. "ಗ್ಯಾಸ್ ಆಗಿದೆ, ಏನಾದ್ರೂ ಕೊಡಿ" ಅಂತ ಕೇಳಿ ಒಂದು ಸ್ಟ್ರಿಪ್ ಗ್ಯಾಸ್ಟ್ರಿಕ್ ಮಾತ್ರೆ ತರುತ್ತಾರೆ. ಜೊತೆಗೆ ಜ್ವರವೂ ಇದ್ದರೆ ಡೋಲೋ. ನಡುವೆ ಎರಡು ದಿನ ಭೇದಿಯಾಗಿದ್ದರೆ ನಾರ್‌ಫ್ಲಾಕ್ಸ್ ಟಿಜೆಡ್‌ನ ನಾಲ್ಕು ಮಾತ್ರೆ. ನೋವು ಬಲಭುಜಕ್ಕೂ ಹರಡಿದರೆ "ಭಾರ ಎತ್ತಿದ್ದಕ್ಕೆ ಹಿಡಿದುಕೊಂಡಿದೆ" ಎಂದು ಮುಲಾಮು ತಿಕ್ಕುತ್ತಾರೆ. ಹೀಗೆ ಎರಡು ವಾರ ಕಳೆದಿರುತ್ತದೆ. ರಾತ್ರಿ ಚಳಿ ಹತ್ತಿ ಜ್ವರ ಬರುವುದು, ಮೈ ಬೆವರುವುದು, ಊಟ ಸೇರದಿರುವುದು, ಆಳವಾಗಿ ಉಸಿರೆಳೆದರೆ ಪಕ್ಕೆ ಚುಚ್ಚಿದಂತಾಗುವುದು ಶುರುವಾದ ಮೇಲೆ ಯಾರೋ ಬಲವಂತ ಮಾಡಿ ಸ್ಕ್ಯಾನ್ ಮಾಡಿಸುತ್ತಾರೆ. ಲಿವರ್‌ನಲ್ಲಿ ಕೀವು ತುಂಬಿರುವುದು ಆಗ ಗೊತ್ತಾಗುತ್ತದೆ.

ಹೊಟ್ಟೆಯಲ್ಲಿರುವ ಲಿವರ್‌ಗೂ ಭುಜಕ್ಕೂ ಏನು ಸಂಬಂಧ ಎನಿಸಬಹುದು. ಲಿವರ್‌ನ ನೆತ್ತಿಯ ಮೇಲೆಯೇ ಎದೆಯನ್ನೂ ಹೊಟ್ಟೆಯನ್ನೂ ಬೇರ್ಪಡಿಸುವ ವಪೆ ಇದೆ. ವಪೆಯ ನರ ಹುಟ್ಟುವುದು ಕುತ್ತಿಗೆಯಲ್ಲಿ. ಭುಜದ ಚರ್ಮದ ನರಗಳೂ ಅಲ್ಲಿಂದಲೇ ಹೊರಡುತ್ತವೆ. ವಪೆ ಕೆರಳಿದರೆ ಮೆದುಳಿಗೆ ನೋಯುತ್ತಿರುವುದು ಭುಜವೇ ಅನಿಸುತ್ತದೆ. ಜ್ವರದ ಜೊತೆ ಬಲಪಕ್ಕೆಯೂ ಬಲಭುಜವೂ ಒಟ್ಟಿಗೆ ನೋಯುತ್ತಿದ್ದರೆ ಅದನ್ನು ಗ್ಯಾಸ್ ಎನ್ನುವಂತಿಲ್ಲ. ಈ ಲೇಖನದಿಂದ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ.

ನಮ್ಮ ಕಡೆ ಹೀಗೆ ಲಿವರ್‌ನಲ್ಲಿ ಕೀವು ತುಂಬಿಸುವ ಪರಾವಲಂಬಿಗಳಲ್ಲಿ ಮೊದಲ ಸ್ಥಾನ ಎಂಟಮೀಬಾ ಹಿಸ್ಟೊಲಿಟಿಕಾದ್ದು. ಆಮಶಂಕೆ ತರುವ ಅಮೀಬಾ ಇದೇ. 1875ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಫ್ಯೊಡರ್ ಲೋಶ್ ಎಂಬ ವೈದ್ಯ ರಕ್ತಭೇದಿಯ ರೋಗಿಯ ಮಲದಲ್ಲಿ ಇದನ್ನು ಕಂಡು ವಿವರಿಸಿದ. ಊತಕವನ್ನು ಕರಗಿಸುವಂಥದ್ದು ಎಂಬ ಅರ್ಥದ ಈಗಿನ ಹೆಸರನ್ನು 1903ರಲ್ಲಿ ಕೊಟ್ಟವನು ಜರ್ಮನಿಯ ಫ್ರಿಟ್ಸ್ ಶೌಡಿನ್. ಅಮೀಬಾ ಜೀವಕೋಶಗಳನ್ನು ಕರಗಿಸಿ ಕೊಲ್ಲುತ್ತದೆ ಎಂದೇ ಒಂದು ಶತಮಾನ ಎಲ್ಲರೂ ನಂಬಿದ್ದರು. 2014ರಲ್ಲಿ ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಸೂಕ್ಷ್ಮದರ್ಶಕದಡಿ ಬೇರೆಯದೇ ನೋಟ ಕಂಡರು. ಅಮೀಬಾ ನಮ್ಮ ಜೀವಂತ ಕೋಶವನ್ನು ತುಣುಕು ತುಣುಕಾಗಿ ಕಚ್ಚಿ ತಿನ್ನುತ್ತದೆ. ಕಚ್ಚಿಸಿಕೊಂಡ ಕೋಶ ಸತ್ತಮೇಲೆ ಅದನ್ನು ಅಲ್ಲೇ ಬಿಟ್ಟು ಪಕ್ಕದ ಕೋಶಕ್ಕೆ ಬಾಯಿಡುತ್ತದೆ.

ಅದು ಒಳಗೆ ಬರುವ ದಾರಿ ಬಾಯಿಯೇ. ಸೋಂಕಿರುವವರ ಮಲದಲ್ಲಿ ಗಟ್ಟಿ ಚಿಪ್ಪಿನ ಕೋಶಗಳು ಹೊರಬೀಳುತ್ತವೆ, ನೀರು, ಸೊಪ್ಪು, ಹೆಚ್ಚಿಟ್ಟ ಹಣ್ಣು, ತೊಳೆಯದ ಕೈಗಳ ಮೂಲಕ ಇನ್ನೊಬ್ಬರ ಹೊಟ್ಟೆ ಸೇರುತ್ತವೆ. ನಲ್ಲಿ ನೀರಿಗೆ ಸಾಮಾನ್ಯವಾಗಿ ಬೆರೆಸುವಷ್ಟು ಕ್ಲೋರಿನ್‌ಗೆ ಈ ಚಿಪ್ಪು ಜಗ್ಗುವುದಿಲ್ಲ, ಆದರೆ ನೀರನ್ನು ಕುದಿಸಿದರೆ ಉಳಿಯುವುದಿಲ್ಲ. ಹಳೆಯ ಬಡಾವಣೆಗಳಲ್ಲಿ ಕುಡಿಯುವ ನೀರಿನ ಪೈಪೂ ಒಳಚರಂಡಿಯ ಪೈಪೂ ಅಕ್ಕಪಕ್ಕದಲ್ಲೇ ಸಾಗಿ, ನೀರು ಬಿಡದ ಹೊತ್ತಿನಲ್ಲಿ ಒಂದರ ಸೋರಿಕೆಯನ್ನು ಇನ್ನೊಂದು ಒಳಗೆಳೆದುಕೊಳ್ಳುವುದು ಬೆಂಗಳೂರಿಗರು ಬಲ್ಲ ಸಂಗತಿ. ನಲ್ಲಿ ತಿರುಗಿಸಿದಾಗ ಮೊದಲ ಎರಡು ಬಿಂದಿಗೆ ವಾಸನೆ ಬಂದರೆ ಆ ನೀರು ಸಂಪಿಗೆ ಹೋಗದಂತೆ ನೋಡಿಕೊಳ್ಳಬೇಕು. ಈ ಊರಿಗೆ ನೀರಿನ ಚಿಂತೆ ಹೊಸದಲ್ಲ. ಮಲೇರಿಯಾದ ಗುಟ್ಟು ಬಿಡಿಸುವುದಕ್ಕೆ ಎರಡು ವರ್ಷ ಮುಂಚೆ, 1895ರಲ್ಲಿ ರೊನಾಲ್ಡ್ ರಾಸ್‌ ಅವರನ್ನು ಸರ್ಕಾರ ಬೆಂಗಳೂರಿಗೆ ಕಳಿಸಿದ್ದು ಕಾಲರಾ ಹತೋಟಿಗೆ, ಅಂದರೆ ಇಲ್ಲಿನ ನೀರು ಮತ್ತು ಚರಂಡಿಗಳನ್ನು ಸರಿಪಡಿಸುವ ಕೆಲಸಕ್ಕೆ.

ಅಮೀಬಾ ಹೊಕ್ಕವರಲ್ಲಿ ಹತ್ತಕ್ಕೆ ಒಂಬತ್ತು ಮಂದಿಗೆ ಏನೂ ಆಗುವುದಿಲ್ಲ. ಉಳಿದವರಲ್ಲಿ ಹೆಚ್ಚಿನವರಿಗೆ ಭೇದಿಯಾಗುತ್ತದೆ. ಕೆಲವರಲ್ಲಿ ಮಾತ್ರ ಅದು ದೊಡ್ಡ ಕರುಳಿನ ಗೋಡೆ ಕೊರೆದು ರಕ್ತನಾಳ ಸೇರುತ್ತದೆ. ಕರುಳಿನ ರಕ್ತವೆಲ್ಲ ಹರಿದು ಹೋಗುವುದು ಲಿವರ್‌ಗೆ, ಅದರಲ್ಲೂ ಹೆಚ್ಚಿನ ಪಾಲು ಬಲಭಾಗಕ್ಕೆ. ಅದಕ್ಕೇ ಐದರಲ್ಲಿ ನಾಲ್ಕು ಬಾವು ಬಲಭಾಗದಲ್ಲಿ ಏಳುತ್ತವೆ. ಇಲ್ಲಿ ಗಮನಿಸಬೇಕಾದದ್ದೊಂದಿದೆ. ಲಿವರ್ ಬಾವಿನ ರೋಗಿಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನರಿಗೆ ಆ ಹೊತ್ತಿನಲ್ಲಿ ಭೇದಿ ಇರುವುದೇ ಇಲ್ಲ. ಕೊಳಕು ನೀರು ಕುಡಿದು ಹಲವು ತಿಂಗಳಾದ ಮೇಲೂ ಬಾವು ಕಾಣಿಸಿಕೊಳ್ಳಬಹುದು. ರಜೆಗೆಂದು ಊರಿಗೆ ಬಂದು ದುಬೈಗೋ ಡಾಲಸ್‌ಗೋ ಮರಳಿದ ನಮ್ಮ ಮಕ್ಕಳಿಗೆ ಅಲ್ಲಿ ಜ್ವರ ಬಂದು ಬಲಪಕ್ಕೆ ನೊಂದರೆ, ಊರಿಗೆ ಹೋಗಿ ಬಂದ ವಿಷಯವನ್ನು ಅಲ್ಲಿನ ವೈದ್ಯರಿಗೆ ತಾವಾಗಿಯೇ ಹೇಳಬೇಕು.

ಈ ಕಾಯಿಲೆ ಹೆಂಗಸರಿಗಿಂತ ಗಂಡಸರಲ್ಲಿ ಸುಮಾರು ಹತ್ತು ಪಟ್ಟು ಹೆಚ್ಚು. ಅದೂ ಇಪ್ಪತ್ತರಿಂದ ಐವತ್ತರ ನಡುವಿನ, ದುಡಿಯುವ ವಯಸ್ಸಿನವರಲ್ಲಿ. ಕುಡಿತಕ್ಕೂ ಇದಕ್ಕೂ ನಂಟಿದೆ, ಹೆಂಡ ಕುಡಿಯುವವರಲ್ಲಿ ಹೆಚ್ಚು ಎಂದು ದಕ್ಷಿಣ ಭಾರತದ ವೈದ್ಯರು ಬಹುಕಾಲದಿಂದ ಬರೆಯುತ್ತ ಬಂದಿದ್ದಾರೆ. ಹಾಗೆಂದು ಕುಡಿಯದವನಿಗೆ ಬರುವುದಿಲ್ಲವೆಂದಲ್ಲ. ಬಾವಾಗಿದೆ ಎಂದ ಕೂಡಲೇ ರೋಗಿಯನ್ನು ಕುಡುಕ ಎಂದು ತೀರ್ಮಾನಿಸುವ ಮನೆಯವರನ್ನು ನೋಡಿದರೆ ಬೇಸರವಾಗುತ್ತದೆ.

ಪತ್ತೆ ಹಚ್ಚುವುದು ಹೇಗೆ? ಮೊದಲ ಮೆಟ್ಟಿಲು ಅಲ್ಟ್ರಾಸೌಂಡ್. ಹೊಟ್ಟೆಗೆ ತಣ್ಣನೆಯ ಜೆಲ್ ಹಚ್ಚಿ, ಪಕ್ಕೆಲುಬುಗಳ ಸಂದಿಗೆ ಪ್ರೋಬ್ ಒತ್ತಿ, "ಉಸಿರು ಎಳ್ಕೊಂಡು ಹಾಗೇ ಹಿಡ್ಕೊಳ್ಳಿ" ಎನ್ನುತ್ತಾರೆ. ಉಸಿರೆಳೆದಾಗ ಲಿವರ್ ಪಕ್ಕೆಲುಬಿನ ಮರೆಯಿಂದ ಕೆಳಗೆ ಜಾರುತ್ತದೆ. ಪರದೆಯ ಮೇಲೆ ಒಂದೇ ಸಮನೆ ಬೂದುಬಣ್ಣದಲ್ಲಿರುವ ಲಿವರ್‌ನ ಅಂಚಿಗೆ ಹತ್ತಿಕೊಂಡು ದುಂಡಗಿನ ಕಪ್ಪು ಜಾಗ, ಒಳಗೆಲ್ಲ ಸಣ್ಣ ಮಂಜಿನಂಥ ಚುಕ್ಕಿಗಳು. ಅಮೀಬಾದ ಬಾವು ಸಾಮಾನ್ಯವಾಗಿ ಒಂಟಿಯಾಗಿರುತ್ತದೆ. ವಯಸ್ಸಾದವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ, ಪಿತ್ತನಾಳದಲ್ಲಿ ಕಲ್ಲಿರುವವರಲ್ಲಿ ಬಾವುಗಳು ಹಲವಿದ್ದರೆ ಅದು ಬ್ಯಾಕ್ಟೀರಿಯಾದ ಕೆಲಸವಿರಬಹುದು, ಅದರ ಔಷಧವೇ ಬೇರೆ. ಎರಡನ್ನೂ ಸ್ಕ್ಯಾನ್ ಚಿತ್ರ ಒಂದರಿಂದಲೇ ಬೇರ್ಪಡಿಸಲು ಆಗುವುದಿಲ್ಲವಾದ್ದರಿಂದ ರಕ್ತದ ಕಣಗಳ ಎಣಿಕೆ, ಲಿವರ್ ಪರೀಕ್ಷೆ, ರಕ್ತದ ಕಲ್ಚರ್, ಅಮೀಬಾ ವಿರುದ್ಧದ ಪ್ರತಿಕಾಯಗಳ ಪರೀಕ್ಷೆ ಇವೆಲ್ಲ ಬೇಕಾಗುತ್ತವೆ.

ಪ್ರತಿಕಾಯದ ಪರೀಕ್ಷೆ ಬಾವಿರುವವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿಯಲ್ಲಿ ಪಾಸಿಟಿವ್ ಬರುತ್ತದೆ. ಆದರೆ ಮೊದಲ ವಾರದಲ್ಲಿ ನೆಗೆಟಿವ್ ಇರಬಹುದು. ಹಿಂದೆಂದೋ ಬಂದು ಹೋದ ಸೋಂಕಿನ ಗುರುತು ರಕ್ತದಲ್ಲಿ ವರ್ಷಗಟ್ಟಲೆ ಉಳಿಯುವುದೂ ಉಂಟು. ಮಲ ಪರೀಕ್ಷೆಯಂತೂ ಇಲ್ಲಿ ಹೆಚ್ಚು ನೆರವಿಗೆ ಬರುವುದಿಲ್ಲ. ಲಿವರ್ ಬಾವಿನ ಬಹುಪಾಲು ರೋಗಿಗಳ ಮಲದಲ್ಲಿ ಅಮೀಬಾ ಕಾಣಸಿಗುವುದಿಲ್ಲ. ಕಂಡರೂ ಅದು ಎಂಟಮೀಬಾ ಡಿಸ್ಪಾರ್ ಎಂಬ ನಿರುಪದ್ರವಿ ಸೋದರನಿರಬಹುದು. ಸೂಕ್ಷ್ಮದರ್ಶಕದಲ್ಲಿ ಎರಡೂ ಒಂದೇ ರೂಪ. ಇವು ಎರಡು ಬೇರೆ ಜೀವಿಗಳೆಂದು ಫ್ರಾನ್ಸಿನ ಎಮಿಲ್ ಬ್ರಂಪ್ಟ್ 1925ರಲ್ಲೇ ಹೇಳಿದ್ದರೂ ವಿಜ್ಞಾನ ಅದನ್ನು ಒಪ್ಪಿಕೊಂಡಿದ್ದು 1993ರಲ್ಲಿ. "ಮಲ ಪರೀಕ್ಷೆ ನಾರ್ಮಲ್ ಬಂತು, ಲಿವರ್‌ಗೇನೂ ಆಗಿಲ್ಲ" ಎಂಬ ಸಮಾಧಾನ ಬೇಡ.

ಇನ್ನು ಔಷಧ. ಒಂದು ಕಾಲಕ್ಕೆ ಈ ಬಾವೆಂದರೆ ಹೊಟ್ಟೆ ಕೊಯ್ದು ಕೀವು ತೆಗೆಯುವುದೇ ದಾರಿಯಾಗಿತ್ತು, ಹಾಗೆ ಕೊಯ್ಸಿಕೊಂಡವರಲ್ಲಿ ಬದುಕಿ ಮನೆಗೆ ಹೋಗದವರೇ ಬಹಳ. 1912ರಲ್ಲಿ ಕಲ್ಕತ್ತಾದಲ್ಲಿ ಲಿಯೊನಾರ್ಡ್ ರಾಜರ್ಸ್, ಬ್ರೆಜಿಲ್ ಮೂಲದ ಇಪಿಕಾಕ್ ಬೇರಿನಿಂದ ತೆಗೆದ ಎಮೆಟಿನ್ ಚುಚ್ಚುಮದ್ದು ಕೊಟ್ಟು ಕತ್ತರಿಯ ಹಂಗಿಲ್ಲದೆ ಗುಣಪಡಿಸುವ ದಾರಿ ತೋರಿಸಿದರು. ಎಮೆಟಿನ್ ಕೆಲಸ ಮಾಡುತ್ತಿತ್ತು, ಆದರೆ ಹೃದಯಕ್ಕೆ ನಂಜಾಗುತ್ತಿತ್ತು. ರೋಗಿಯನ್ನು ಹಾಸಿಗೆ ಬಿಟ್ಟು ಏಳದಂತೆ ಮಲಗಿಸಿ, ನಾಡಿ ನೋಡುತ್ತ ಕೊಡಬೇಕಿತ್ತು. 1966ರಲ್ಲಿ ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ ಪೊವೆಲ್ ಮತ್ತು ಅವರ ಸಂಗಡಿಗರು ಮೆಟ್ರೊನಿಡಜೋಲ್ ಮಾತ್ರೆಯಿಂದಲೇ ಆಮಶಂಕೆಯೂ ಲಿವರ್ ಬಾವೂ ವಾಸಿಯಾಗುವುದನ್ನು ತೋರಿಸಿಕೊಟ್ಟ ಮೇಲೆ ಆ ಕಾಲ ಮುಗಿಯಿತು. ಫ್ಲ್ಯಾಜಿಲ್, ಮೆಟ್ರೊಜಿಲ್ ಎಂದು ನಾವೆಲ್ಲ ಕರೆಯುವ ಮಾತ್ರೆ ಇದೇ. ಟಿನಿಡಜೋಲ್ ಇದರ ಒಡಹುಟ್ಟು.

ಮೆಟ್ರೊನಿಡಜೋಲ್ ಅಮೀಬಾವನ್ನು ಕೊಲ್ಲುವ ಬಗೆ ಬಲು ಸೊಗಸು. ಅಮೀಬಾ ಆಮ್ಲಜನಕವಿಲ್ಲದೆ ಬದುಕುವ ಜೀವಿ. ಅಂಥ ಜೀವಿಗಳಲ್ಲಿರುವ ಕಿಣ್ವಗಳು ಈ ಔಷಧದ ಅಣುವನ್ನು ಒಡೆದು ವಿಷವನ್ನಾಗಿ ಮಾಡಿಕೊಳ್ಳುತ್ತವೆ, ಆ ವಿಷ ಅಮೀಬಾದ ಡಿಎನ್‌ಎಯನ್ನೇ ತುಂಡರಿಸುತ್ತದೆ. ಆಮ್ಲಜನಕ ಬಳಸುವ ನಮ್ಮ ಕೋಶಗಳಲ್ಲಿ ಈ ಕೆಲಸ ನಡೆಯುವುದಿಲ್ಲ. ಅಮೀಬಾ ತನ್ನ ವಿಷವನ್ನು ತಾನೇ ಅರೆದುಕೊಳ್ಳುತ್ತದೆ.

ವಯಸ್ಕರಿಗೆ ಸಾಮಾನ್ಯವಾಗಿ ದಿನಕ್ಕೆ ಮೂರು ಸಲ, 500ರಿಂದ 750 ಮಿಲಿಗ್ರಾಂನಂತೆ, 7ರಿಂದ 10 ದಿನ ಕೊಡುತ್ತಾರೆ. ಬಾಯಲ್ಲಿ ತುಕ್ಕು ಹಿಡಿದ ಕಬ್ಬಿಣ ನೆಕ್ಕಿದ ರುಚಿ, ವಾಕರಿಕೆ, ಕಪ್ಪಗಿನ ಮೂತ್ರ ಬರಬಹುದು. ಇದಕ್ಕೆ ಹೆದರಬೇಕಿಲ್ಲ. ಮಾತ್ರೆ ನುಂಗುವಷ್ಟು ದಿನವೂ ಮುಗಿದ ಮೇಲಿನ ಮೂರು ದಿನವೂ ಮದ್ಯ ಮುಟ್ಟಬಾರದು. ತಿಲಕ್ ನಗರದ ಓದುಗರಿಗೆ ಇನ್ನೊಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಜಯದೇವದಲ್ಲಿ ಹೃದಯದ ಕವಾಟ ಬದಲಾಯಿಸಿಕೊಂಡು ವಾರ್ಫರಿನ್ ಅಥವಾ ಅಸಿಟ್ರೋಮ್ ನುಂಗುತ್ತಿರುವವರು ಈ ಸುತ್ತಿನಲ್ಲಿ ಎಷ್ಟೋ ಮಂದಿ ಇದ್ದಾರೆ. ಮೆಟ್ರೊನಿಡಜೋಲ್ ಸೇರಿದರೆ ಆ ಮಾತ್ರೆಗಳ ಬಲ ಏರಿ ರಕ್ತಸ್ರಾವವಾಗುವ ಅಪಾಯವಿದೆ. ಭೇದಿಗೆಂದು ಅಂಗಡಿಯಲ್ಲಿ ಕೇಳಿ ತಂದ ನಾಲ್ಕು ಮಾತ್ರೆಯೂ ಇವರಿಗೆ ಕುತ್ತು ತರಬಲ್ಲದು. ಹೃದಯದ ವೈದ್ಯರಿಗೆ ತಿಳಿಸಿ, ಐಎನ್‌ಆರ್ ನೋಡಿಸಿಕೊಂಡೇ ತೆಗೆದುಕೊಳ್ಳಬೇಕು.

ಔಷಧ ಶುರುವಾದ ಮೂರನೇ ದಿನಕ್ಕೆ ಸಾಮಾನ್ಯವಾಗಿ ಜ್ವರ ಇಳಿಯುತ್ತದೆ, ಹಸಿವಾಗುತ್ತದೆ, ನೋವು ತಗ್ಗುತ್ತದೆ. ಚಿಕಿತ್ಸೆ ಹಳಿ ತಪ್ಪುವುದೂ ಅಂದೇ. ದಿನಗೂಲಿಯವನಿಗೆ ಕೆಲಸಕ್ಕೆ ಹೋಗಲೇಬೇಕು, ಬಾಯಿ ಕಹಿಯಾಗಿದೆ, ಜ್ವರವೂ ಇಲ್ಲ. ಉಳಿದ ಮಾತ್ರೆ ಕಪಾಟು ಸೇರುತ್ತದೆ. ಪೂರ್ತಿ ಹತ್ತು ದಿನ ನುಂಗಿದವನ ಚಿಕಿತ್ಸೆಯಾದರೂ ಮುಗಿಯಿತೇ ಎಂದರೆ, ಅದೂ ಇಲ್ಲ. ನಮ್ಮಲ್ಲಿ ತುಂಬ ಜನರಿಗೆ ತಿಳಿಯದೆ ಉಳಿದಿರುವ ಸಂಗತಿ ಇದು, ನಾನು ಬರೆಯಹೊರಟಿದ್ದೂ ಇದಕ್ಕಾಗಿಯೇ. ಮೆಟ್ರೊನಿಡಜೋಲ್ ಸಣ್ಣ ಕರುಳಿನಲ್ಲೇ ಬಹುತೇಕ ಪೂರ್ತಿ ಹೀರಿಕೆಯಾಗಿ ರಕ್ತ ಸೇರಿಬಿಡುತ್ತದೆ. ಲಿವರ್‌ಗೆ ಅದು ವರ. ಆದರೆ ದೊಡ್ಡ ಕರುಳಿನ ಒಳಗೆ ಮನೆ ಮಾಡಿರುವ ಅಮೀಬಾಗಳನ್ನು ತಲುಪುವ ಔಷಧ ಅತ್ಯಲ್ಪ. ಮೆಟ್ರೊನಿಡಜೋಲ್ ಮುಗಿಸಿದ ಮೇಲೂ ನೂರರಲ್ಲಿ 40ರಿಂದ 60 ರೋಗಿಗಳ ಕರುಳಿನಲ್ಲಿ ಅಮೀಬಾ ಉಳಿದಿರುತ್ತದೆ. ಅದು ತಿಂಗಳುಗಳ ನಂತರ ಮತ್ತೆ ಲಿವರ್ ಹತ್ತಬಹುದು, ಅದೇ ಮನೆಯ ಇನ್ನೊಬ್ಬರ ಹೊಟ್ಟೆಗೂ ಹೋಗಬಹುದು.

ಇದಕ್ಕೇ ಎರಡನೆಯ ಔಷಧವಿದೆ. ಡೈಲಾಕ್ಸನೈಡ್ ಫ್ಯುರೊಯೇಟ್, 500 ಮಿಲಿಗ್ರಾಂ, ದಿನಕ್ಕೆ ಮೂರು ಸಲ, ಹತ್ತು ದಿನ. ಇಲ್ಲವೇ ಪ್ಯಾರೊಮೊಮೈಸಿನ್, ಏಳು ದಿನ. ಇವು ಕರುಳಿನೊಳಗೇ ಕೆಲಸ ಮಾಡಿ ಅಲ್ಲಿರುವುದನ್ನು ತೊಳೆದು ಹಾಕುತ್ತವೆ. ಯಾವ ವೈದ್ಯಪುಸ್ತಕ ತೆರೆದರೂ ಲಿವರ್ ಬಾವಿನ ಚಿಕಿತ್ಸೆ ಈ ಎರಡು ಹೆಜ್ಜೆಗಳಲ್ಲೇ ಇದೆ. ಆದರೂ ಡಿಸ್ಚಾರ್ಜ್ ಚೀಟಿಯಲ್ಲಿ ಎರಡನೇ ಹೆಜ್ಜೆ ಎಷ್ಟೋ ಸಲ ಕಾಣುವುದಿಲ್ಲ. ಬರೆದುಕೊಟ್ಟಿದ್ದರೂ "ಜ್ವರ ಹೋಯ್ತಲ್ಲ, ಇನ್ನೂ ಯಾಕೆ" ಎಂದು ರೋಗಿಯೇ ಕೊಳ್ಳುವುದಿಲ್ಲ. ಜನಸಂದಣಿಯ ವಠಾರದಲ್ಲಿ ಒಂದೇ ಶೌಚಾಲಯ ಹಂಚಿಕೊಳ್ಳುವ ನಾಲ್ಕು ಸಂಸಾರಗಳಿದ್ದರೆ, ಬಿಟ್ಟುಹೋದ ಆ ಹತ್ತು ದಿನದ ಮಾತ್ರೆ ಎಲ್ಲರ ತಲೆಯ ಮೇಲಿನ ಹೊರೆ.

ಕೀವನ್ನು ಸೂಜಿ ಹಾಕಿ ತೆಗೆಯಲೇಬೇಕೇ? ಹೆಚ್ಚಿನವರಿಗೆ ಬೇಡ. ಬಾವು 10 ಸೆಂಟಿಮೀಟರ್ ಮೀರಿ ಬೆಳೆದಿದ್ದರೆ, ಲಿವರ್‌ನ ಎಡಭಾಗದಲ್ಲಿದ್ದರೆ, ಅಂಚು ತೆಳುವಾಗಿ ಒಡೆಯುವಂತಿದ್ದರೆ, ಮೂರರಿಂದ ಐದು ದಿನ ಔಷಧ ಕೊಟ್ಟರೂ ಜ್ವರ ಜಗ್ಗದಿದ್ದರೆ, ಬ್ಯಾಕ್ಟೀರಿಯಾದ ಗುಮಾನಿಯಿದ್ದರೆ ತೆಗೆಯುತ್ತಾರೆ. ಎಡಭಾಗದ್ದಕ್ಕೆ ವೈದ್ಯರು ಹೆಚ್ಚು ಹೆದರುವುದು ಏಕೆಂದರೆ ಅದರ ನೆತ್ತಿಯ ಮೇಲೇ ಹೃದಯದ ಚೀಲವಿದೆ, ಅಲ್ಲಿಗೆ ಒಡೆದರೆ ಪ್ರಾಣಕ್ಕೇ ಸಂಚಕಾರ. ಸ್ಕ್ಯಾನ್ ನೋಡುತ್ತಲೇ ಪಕ್ಕೆಯಿಂದ ಸೂಜಿ ಇಳಿಸಿ ಎಳೆದಾಗ ಸಿರಿಂಜಿಗೆ ಬರುವುದು ಹಳದಿ ಕೀವಲ್ಲ, ಚಾಕೊಲೇಟ್ ಬಣ್ಣದ ಮಂದ ದ್ರವ, ಸಾಮಾನ್ಯವಾಗಿ ವಾಸನೆಯೂ ಇರುವುದಿಲ್ಲ. ಸತ್ತ ಲಿವರ್ ಕೋಶಗಳು ರಕ್ತದೊಡನೆ ಕರಗಿ ಆದದ್ದು ಅದು. ಅದರಲ್ಲಿ ಹುಡುಕಿದರೂ ಅಮೀಬಾ ಸಿಗುವುದು ಅಪರೂಪ, ಅವು ಅಂಚಿನ ಗೋಡೆಯಲ್ಲಿ ತಾಜಾ ಕೋಶಗಳನ್ನು ಕಚ್ಚುತ್ತ ಕುಳಿತಿರುತ್ತವೆ.

ವಾಸಿಯಾಗಿ ತಿಂಗಳಾದ ಮೇಲೆ ಇನ್ನೊಂದು ಗಾಬರಿ ಕಾದಿರುತ್ತದೆ. ಸ್ಕ್ಯಾನ್‌ನಲ್ಲಿ ಕಪ್ಪು ಜಾಗ ಹಾಗೇ ಇದೆ! ಬಾವು ಬಿಟ್ಟುಹೋದ ಕುಳಿ ತುಂಬಲು ಸಾಮಾನ್ಯವಾಗಿ ಮೂರರಿಂದ ಒಂಬತ್ತು ತಿಂಗಳು ಬೇಕು, ಕೆಲವರಲ್ಲಿ ಅದಕ್ಕೂ ಹೆಚ್ಚು. ಜ್ವರವಿಲ್ಲ, ನೋವಿಲ್ಲ, ಊಟ ಸೇರುತ್ತಿದೆ ಎಂದರೆ ರೋಗ ಹೋಗಿದೆ ಎಂದೇ ಅರ್ಥ. ಸ್ಕ್ಯಾನ್ ಚಿತ್ರಕ್ಕೆ ಹೆದರಿ ಮತ್ತೆ ಮತ್ತೆ ಮೆಟ್ರೊನಿಡಜೋಲ್ ನುಂಗುವುದು ತಪ್ಪು. ವಾರಗಟ್ಟಲೆ ಎಳೆದರೆ ಅಂಗಾಲಿನ ನರಗಳು ಕೆಟ್ಟು ಜೋಮು, ಉರಿ ಹಿಡಿಯುತ್ತದೆ. ಮೊದಲು ಅರ್ಧಕ್ಕೆ ಬಿಟ್ಟವರೇ ಆಮೇಲೆ ಬೇಡವಾದಾಗ ಹೆಚ್ಚು ನುಂಗುವುದನ್ನೂ ಕಂಡಿದ್ದೇನೆ.

ಲಿವರ್‌ಗೆ ಹತ್ತುವ ಇನ್ನೊಂದು ಪರಾವಲಂಬಿಗೆ ಈ ಅವಸರವಿಲ್ಲ. ಹೈಡಾಟಿಡ್ ಎಂಬ ನೀರುಗುಳ್ಳೆ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತದೆ. ಇದರ ಮೂಲ ನಾಯಿಯ ಕರುಳಿನಲ್ಲಿರುವ, ಅಕ್ಕಿಕಾಳಿಗಿಂತ ದೊಡ್ಡದಲ್ಲದ ಲಾಡಿಹುಳು. ನಾಯಿಯ ಮಲದಲ್ಲಿ ಬಿದ್ದ ಮೊಟ್ಟೆಗಳು ಹುಲ್ಲಿನ ಮೂಲಕ ಕುರಿ, ಮೇಕೆ, ದನ, ಎಮ್ಮೆಗಳ ಹೊಟ್ಟೆ ಸೇರಿ ಲಿವರ್‌ನಲ್ಲೋ ಶ್ವಾಸಕೋಶದಲ್ಲೋ ನೀರುಗುಳ್ಳೆಯಾಗುತ್ತವೆ. ಕಡಿದ ಪ್ರಾಣಿಯ ಆ ಲಿವರ್ ಚೂರನ್ನು ನಾಯಿ ಹಸಿಯಾಗಿ ತಿಂದರೆ ಮತ್ತೆ ಹುಳು. ಈ ಸುತ್ತಿನ ನಡುವೆ ಮನುಷ್ಯ ಅಕಸ್ಮಾತ್ ಸಿಕ್ಕಿಬೀಳುತ್ತಾನೆ. ಹತ್ತರಲ್ಲಿ ಏಳು ಮಂದಿಗೆ ಗುಳ್ಳೆ ಲಿವರ್‌ನಲ್ಲಿ, ಉಳಿದವರಲ್ಲಿ ಹೆಚ್ಚಿನವರಿಗೆ ಶ್ವಾಸಕೋಶದಲ್ಲಿ. ಕುರಿ ಸಾಕಣೆ ಗಟ್ಟಿಯಾಗಿರುವ ನಮ್ಮ ಬಯಲುಸೀಮೆಗೆ ಇದು ಹೊಸದಲ್ಲ.

ಮಾಂಸ ತಿನ್ನುವುದರಿಂದ ಇದು ಬರುವುದಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡಬೇಕು. ಬರುವುದು ನಾಯಿಯ ಮಲದ ಮೊಟ್ಟೆಯಿಂದ. ತೊಳೆಯದ ಕೊತ್ತಂಬರಿ ಸೊಪ್ಪು, ಕೋಸಂಬರಿಗೆ ಹಾಕಿದ ಸೌತೆಕಾಯಿ, ನಾಯಿಯನ್ನು ಮುದ್ದಾಡಿ ಕೈ ತೊಳೆಯದ ಮಗು, ಇವೇ ದಾರಿಗಳು. ಜಯನಗರದ ಸಸ್ಯಾಹಾರಿ ಅಜ್ಜಿಗೂ ಬರಬಹುದು, ತಿಲಕ್ ನಗರದ ಮಟನ್ ಅಂಗಡಿಯ ಗಿರಾಕಿಗೆ ಬರದೆಯೂ ಇರಬಹುದು. ಈ ರೋಗದ ಹೆಸರಲ್ಲಿ ಯಾರ ತಟ್ಟೆಯ ಕಡೆಗೂ ಬೆರಳು ತೋರಿಸುವುದು ಸಲ್ಲ.

ಎಷ್ಟೋ ಸಲ ಇದು ಸಿಕ್ಕುವುದು ಇನ್ಯಾವುದಕ್ಕೋ ಮಾಡಿಸಿದ ಸ್ಕ್ಯಾನ್‌ನಲ್ಲಿ. ಬಸುರಿಯ ಸ್ಕ್ಯಾನ್, ಕಲ್ಲಿನ ಸ್ಕ್ಯಾನ್, ಹೆಲ್ತ್ ಚೆಕಪ್. ತಿಳಿನೀರು ತುಂಬಿದ ದುಂಡು ಚೀಲ, ಎರಡು ಪದರದ ಗೋಡೆ, ಒಳಗೆ ಮರಿಚೀಲಗಳು, ಕೆಲವೊಮ್ಮೆ ಕಳಚಿ ನೀರಿನಲ್ಲಿ ತೇಲುವ ಪೊರೆ. ರಕ್ತ ಪರೀಕ್ಷೆ ನೆಗೆಟಿವ್ ಬಂದರೂ ಚಿತ್ರ ಸ್ಪಷ್ಟವಾಗಿದ್ದರೆ ಚಿತ್ರವನ್ನೇ ನಂಬಬೇಕು. ವಿಶ್ವ ಆರೋಗ್ಯ ಸಂಸ್ಥೆ ಈ ಗುಳ್ಳೆಗಳನ್ನು ಅವುಗಳ ಚಿತ್ರ ನೋಡಿ ಒಂದರಿಂದ ಐದರವರೆಗೆ ವಿಂಗಡಿಸಿದೆ. ಎಳೆಯ ಗುಳ್ಳೆ ಒಂದನೆಯದು, ಗಟ್ಟಿಯಾಗಿ ಸುಣ್ಣಗಟ್ಟಿದ್ದು ಐದನೆಯದು. ಐದು ಸೆಂಟಿಮೀಟರ್‌ಗಿಂತ ಚಿಕ್ಕದಾದ ಎಳೆ ಗುಳ್ಳೆಗೆ ಮಾತ್ರೆಯೇ ಸಾಕಾಗಬಹುದು. ಅದಕ್ಕಿಂತ ದೊಡ್ಡದಕ್ಕೆ ಮಾತ್ರೆಯ ರಕ್ಷಣೆಯಲ್ಲಿ ಸೂಜಿಯಿಂದ ನೀರೆಳೆದು, ಗಾಢ ಉಪ್ಪುನೀರನ್ನೋ ಆಲ್ಕೋಹಾಲನ್ನೋ ಒಳಗೆ ಬಿಟ್ಟು ಹುಳುವನ್ನು ಕೊಂದು ಮತ್ತೆ ಹೊರಗೆಳೆಯುವ ವಿಧಾನವಿದೆ. ಮರಿಗುಳ್ಳೆಗಳು ತುಂಬಿಕೊಂಡದ್ದಕ್ಕೆ ಹೆಚ್ಚಾಗಿ ಶಸ್ತ್ರಚಿಕಿತ್ಸೆ. ನಾಲ್ಕು, ಐದನೆಯ ಹಂತದ್ದು ಸುಮ್ಮನಿದ್ದರೆ ಅದನ್ನು ಮುಟ್ಟದೆ, ಕಾಲಕಾಲಕ್ಕೆ ಸ್ಕ್ಯಾನ್ ಮಾಡಿ ನೋಡುತ್ತಿದ್ದರೆ ಆಯಿತು. ಹುಳು ಅದಾಗಲೇ ಸೋತಿರುತ್ತದೆ. "ಲಿವರ್‌ನಲ್ಲಿ ಗಡ್ಡೆ ಇದೆ" ಎಂದೊಡನೆ ತೆಗೆಸಿಬಿಡಿ ಎಂದು ದುಂಬಾಲು ಬೀಳುವ ಮನೆಯವರಿಗೆ ವೈದ್ಯರು ಇದನ್ನು ಬಿಡಿಸಿ ಹೇಳಬೇಕು.

ನೀರುಗುಳ್ಳೆ ಎಂದು ಅನುಮಾನವಿರುವ ಚೀಲಕ್ಕೆ ಸಿದ್ಧತೆಯಿಲ್ಲದೆ ಯಾರೂ ಸೂಜಿ ಚುಚ್ಚಬಾರದು. ಒಳಗಿನ ನೀರು ಹೊಟ್ಟೆಯೊಳಗೆ ಸೋರಿದರೆ ಮೈಯೆಲ್ಲ ಅಲರ್ಜಿಯಾಗಿ ಬಿಪಿ ಕುಸಿಯಬಹುದು, ಚೆಲ್ಲಿದ ಕಡೆಯಲ್ಲೆಲ್ಲ ಹೊಸ ಗುಳ್ಳೆ ಏಳಬಹುದು.

ಇದಕ್ಕೆ ಕೊಡುವ ಮಾತ್ರೆ ಅಲ್ಬೆಂಡಜೋಲ್. 2015ರ ಫೆಬ್ರವರಿಯಿಂದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು 1ರಿಂದ 19 ವರ್ಷದವರಿಗೆ ಅಂಗನವಾಡಿ, ಶಾಲೆಗಳಲ್ಲಿ ಚೀಪಿಸುತ್ತಿರುವ ಬಿಳಿ ಮಾತ್ರೆ ಇದೇ. ಕರುಳಿನ ಜಂತುವಿಗೆ 400 ಮಿಲಿಗ್ರಾಂನ ಒಂದು ಮಾತ್ರೆ ಸಾಕು. ಲಿವರ್‌ನ ಗುಳ್ಳೆಯೊಳಗೆ ಅವಿತಿರುವ ಹುಳುವಿಗೆ ವಯಸ್ಕರು ದಿನಕ್ಕೆರಡು ಸಲ 400 ಮಿಲಿಗ್ರಾಂನಂತೆ ಮೂರರಿಂದ ಆರು ತಿಂಗಳು ತೆಗೆದುಕೊಳ್ಳಬೇಕು, ನಡುವೆ ಬಿಡುವಿಲ್ಲದೆ. ಅಲ್ಬೆಂಡಜೋಲ್ ಜಿಡ್ಡಿಲ್ಲದೆ ರಕ್ತಕ್ಕೆ ಸೇರುವುದು ತೀರ ಕಡಿಮೆ. ಜಿಡ್ಡಿನ ಊಟದೊಡನೆ ನುಂಗಿದರೆ ರಕ್ತದಲ್ಲಿ ಅದರ ಪ್ರಮಾಣ ಐದು ಪಟ್ಟಿನವರೆಗೆ ಏರುತ್ತದೆ. ಅನ್ನಕ್ಕೆ ತುಪ್ಪ, ಒಂದು ಮೊಟ್ಟೆ, ಕೆನೆ ಹಾಲು ಏನಾದರೂ ಆಗಬಹುದು. "ಲಿವರ್ ಕಾಯಿಲೆ, ಜಿಡ್ಡು ಮುಟ್ಟಬೇಡ" ಎಂದು ರೋಗಿಗೆ ಬರೀ ಗಂಜಿ ಕೊಡುವ ಮನೆಗಳಲ್ಲಿ ಔಷಧ ಸೋಲುವುದು ಇಲ್ಲೇ. ಗಂಜಿಯ ಮೇಲೆ ಆರು ತಿಂಗಳು ನುಂಗಿದ ಮಾತ್ರೆಯ ಬಹುಭಾಗ ಶೌಚಾಲಯದ ಪಾಲು. ಮೊದಲ ತಿಂಗಳುಗಳಲ್ಲಿ ಎರಡು ವಾರಕ್ಕೊಮ್ಮೆ ಬಿಳಿ ರಕ್ತಕಣ ಮತ್ತು ಲಿವರ್ ಕಿಣ್ವಗಳನ್ನು ನೋಡಿಸಬೇಕು. ಬಸುರಿಯರಿಗೆ, ಅದರಲ್ಲೂ ಮೊದಲ ತಿಂಗಳುಗಳಲ್ಲಿ, ಇದು ಸಲ್ಲದು.

ಮಲೆನಾಡಿನ ದನ, ಎಮ್ಮೆಗಳ ಲಿವರ್‌ನಲ್ಲಿರುವ ಎಲೆಯಾಕಾರದ ಫ್ಯಾಸಿಯೋಲಾ ಹುಳು ಮನುಷ್ಯರಿಗೆ ಹತ್ತುವುದು ನಮ್ಮಲ್ಲಿ ವಿರಳ. ಹತ್ತಿದರೆ ಅಲ್ಬೆಂಡಜೋಲ್ ನೆಚ್ಚಿಕೊಳ್ಳುವಂತಿಲ್ಲ, ಟ್ರೈಕ್ಲಾಬೆಂಡಜೋಲ್ ಬೇಕು. ಹುಳು ಯಾವುದೆಂದು ತಿಳಿಯದೆ ಮಾತ್ರೆ ಬರೆಯಲಾಗದು ಎಂಬುದಕ್ಕಾಗಿ ಇದನ್ನು ಹೇಳಿದೆ.

ಹೈಡಾಟಿಡ್ ರೋಗವನ್ನು ಒಂದು ದೇಶ ಓದಿನಿಂದ ಗೆದ್ದ ಕಥೆಯಿದೆ. 19ನೇ ಶತಮಾನದಲ್ಲಿ ಐಸ್‌ಲೆಂಡ್ ಈ ರೋಗಕ್ಕೆ ಕುಖ್ಯಾತವಾಗಿತ್ತು. 1863ರಲ್ಲಿ ಅಲ್ಲಿಗೆ ಹೋದ ಡೆನ್ಮಾರ್ಕಿನ ಹರಾಲ್ಡ್ ಕ್ರಾಬೆ, ನಾಯಿಗಳನ್ನು ಪರೀಕ್ಷಿಸಿ ಕಾಲುಭಾಗಕ್ಕೂ ಹೆಚ್ಚು ನಾಯಿಗಳಲ್ಲಿ ಈ ಹುಳುವನ್ನು ಕಂಡ. ಮರುವರ್ಷ ಒಂದು ಸಣ್ಣ ಪುಸ್ತಿಕೆ ಬರೆದ. ನಾಯಿಗೆ ಹಸಿ ಲಿವರ್, ಗುಳ್ಳೆಗಳನ್ನು ಹಾಕಬೇಡಿ, ಹೂತುಹಾಕಿ ಅಥವಾ ಸುಡಿ, ನಾಯಿಗೆ ಜಂತಿನ ಔಷಧ ಕೊಡಿ, ಇಷ್ಟೇ. ಸರ್ಕಾರ ಅದನ್ನು ಮುದ್ರಿಸಿ ಮನೆಮನೆಗೆ ಹಂಚಿತು. ದೀರ್ಘ ಚಳಿಗಾಲದಲ್ಲಿ ಕುಳಿತು ಓದುವ ಅಭ್ಯಾಸವಿದ್ದ ಜನ ಅದನ್ನು ಓದಿದರು, ಪಾಲಿಸಿದರು. ಮುಂದಿನ ಶತಮಾನದಲ್ಲಿ ಆ ದ್ವೀಪದಿಂದ ರೋಗವೇ ಮರೆಯಾಯಿತು.

ಬೆಂಗಳೂರಿನಲ್ಲಿ ಇದನ್ನು ಮಾಡಲು ಏನು ಅಡ್ಡಿ? ಪಾಲಿಕೆಯವರು ಬೀದಿನಾಯಿ ಹಿಡಿದು ಸಂತಾನಹರಣ ಮಾಡಿ ರೇಬೀಸ್ ಲಸಿಕೆ ಹಾಕುತ್ತಾರೆ. ಅದೇ ಕೈಯಲ್ಲಿ ಜಂತಿನ ಔಷಧವಾದ ಪ್ರಾಜಿಕ್ವಾಂಟೆಲ್ ಮಾತ್ರೆಯನ್ನೂ ಹಾಕಲಿ. ಹೊಸತೊಡಕು, ಬಕ್ರೀದ್, ಮಾರಿಹಬ್ಬಗಳ ಮಾರನೆಯ ದಿನ ಬೀದಿಬದಿಯಲ್ಲಿ ನಾಯಿಗಳು ಎಳೆದಾಡುವ ಚೀಲಗಳನ್ನು ನಾವೆಲ್ಲ ನೋಡಿದ್ದೇವೆ. ಆ ದಿನಗಳಲ್ಲಾದರೂ ಮುಚ್ಚಳವಿರುವ ಬೇರೆ ಗಾಡಿ ಬರಲಿ. ಬಲಪಕ್ಕೆ ನೋವು ಮತ್ತು ಜ್ವರದ ಬಗ್ಗೆ ಕನ್ನಡದಲ್ಲೂ ಉರ್ದುವಿನಲ್ಲೂ ಒಂದು ಹಾಳೆ ಅಚ್ಚು ಮಾಡಿಸಿ, ಗ್ಯಾಸ್ಟ್ರಿಕ್ ಮಾತ್ರೆ ಮಾರುವ ಪ್ರತಿ ಮೆಡಿಕಲ್ ಶಾಪಿನ ಗಾಜಿಗೆ ಅಂಟಿಸಲಿ.

ಅದಾಗುವ ತನಕ ಓದುಗರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಜ್ವರದ ಜೊತೆ ಬಲಪಕ್ಕೆ ನೋವೆಂದು ಯಾರಾದರೂ ವಾರದಿಂದ ಗ್ಯಾಸ್ ಮಾತ್ರೆ ನುಂಗುತ್ತಿದ್ದರೆ ನಾಳೆ ಬೆಳಗ್ಗೆ ಅವರನ್ನು ಜನರಲ್ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಹೊಟ್ಟೆಯ ಸ್ಕ್ಯಾನ್ ಮಾಡಿಸಿ. ಅಮೀಬಾ ಬಾವೆಂದು ತಿಳಿದು ಚಿಕಿತ್ಸೆ ಮುಗಿಸಿ ಬರುವ ದಿನ ವೈದ್ಯರನ್ನು ಕೇಳಿ: "ಡಾಕ್ಟ್ರೇ, ಕರುಳಿಗೆ ಕೊಡೋ ಎರಡನೇ ಮಾತ್ರೆ ಬರೆದಿದ್ದೀರಾ?"